ಏನೂ ಗೊತ್ತಿಲ್ಲದವರು ಬೇಕಾಗಿದ್ದಾರೆ

ಉದ್ದನಪಲ್ಲಿಯ ಆವುಲಪ್ಪ ತನ್ನ ಆಯುಷ್ಯದಲ್ಲಿ "ನಂಗೆ ಗೊತ್ತಿಲ್ಲ" ಎಂಬ ಮಾತನ್ನು ಬಾಯಿಂದ ಹೊರಗೆ ಬಿಟ್ಟವನಲ್ಲ. ಹಾಗೆಂದು ಅವನಿಗೆ ಬಹಳ ಗೊತ್ತಿತ್ತೆಂದು ಯಾರೂ ತಿಳಿಯಬಾರದು. ಹೊಸೂರಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ರಟ್ಟಿನ ಪೆಟ್ಟಿಗೆ ಇಳಿಸಿ ಜೋಡಿಸುವುದು ಅವನ ಕೆಲಸ. ಪೆಟ್ಟಿಗೆಗಳ ಮೇಲೆ ಜಪಾನು, ಜರ್ಮನಿ ಎಂದು ಬರೆದಿರುತ್ತಿತ್ತು. ಆದ್ದರಿಂದ ಆ ದೇಶಗಳ ಹವಾಮಾನ, ಬೆಳೆ, ಮದುವೆಯ ಪದ್ಧತಿ ಇವನ್ನೆಲ್ಲ ಊರಿನ ಟೀ ಅಂಗಡಿಯಲ್ಲಿ ವಿವರಿಸುವ ಹಕ್ಕು ತನಗಿದೆಯೆಂದು ಅವನು ನಂಬಿದ್ದ. ಕಂಪನಿ ಬಸ್ಸಿನಿಂದ ಇಳಿದು ಬೆಂಚಿನ ಮೇಲೆ ಕೂತನೆಂದರೆ ಸಾಕು, ಟೊಮೇಟೊ ಗಿಡದ ರೋಗದಿಂದ ಹಿಡಿದು ಚಂದ್ರನ ಮೇಲಿನ ಮಣ್ಣಿನವರೆಗೆ ಯಾವ ಪ್ರಶ್ನೆಯೂ ಉತ್ತರವಿಲ್ಲದೆ ವಾಪಸು ಹೋಗುತ್ತಿರಲಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ಕೇಳುವವರು ಊರಲ್ಲಿ ನರಸಿಂಹಪ್ಪ ಒಬ್ಬನೇ. ಅವನಿಗೆ ವಯಸ್ಸಾಗಿತ್ತು, ಬೇರೆ ಕೆಲಸವಿರಲಿಲ್ಲ.

ಇಂಥ ಮನುಷ್ಯನ ಮನೆಗೆ ಒಂದು ರಜೆಯ ದಿನ ಅಕ್ಕನ ಮಗಳು ಭಾನು ಕೆಲಮಂಗಲದಿಂದ ಬಂದಳು. ಹೊಸೂರಿನ ಬಾಗಲೂರು ರಸ್ತೆಯಲ್ಲಿ, ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಗೇಮುಗಳನ್ನು ಮಾಡುವ ಸಣ್ಣ ಆಫೀಸೊಂದರಲ್ಲಿ ಅವಳಿಗೆ ಕೆಲಸ. ಬಂದವಳು ಚಪ್ಪಲಿ ಬಿಟ್ಟವಳೇ ವಿಷಯಕ್ಕೆ ಬಂದಳು.

"ಮಾವ, ನಿನ್ನಿಂದ ಒಂದು ಉಪಕಾರ ಆಗ್ಬೇಕು. ನಮ್ಮ ಗೇಮ್ ಆಡಿ ತೋರಿಸೋಕೆ ಒಬ್ರು ಬೇಕು. ಗೇಮು, ಕಂಪ್ಯೂಟರು ಅಂದ್ರೆ ಏನೇನೂ ಗೊತ್ತಿಲ್ಲದೋರು."

"ಅಂಗಾದ್ರೆ ಸರ್ಯಾದ ಮನೆಗೇ ಬಂದಿದ್ದೀಯ ಬುಡು," ಎಂದಳು ಆವುಲಪ್ಪನ ಹೆಂಡತಿ ಮಂಗಮ್ಮ. ಹೇಳಿ, ಹಸುವಿಗೆ ನೀರಿಡಲು ಹಿತ್ತಲಿಗೆ ಹೋದಳು.

ಆವುಲಪ್ಪನಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಆದರೆ ಭಾನುವಿನ ಮುಖ ನೋಡಿದರೆ ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ. ಹುಡುಗಿ ಸರಿಯಾಗಿ ನಿದ್ದೆ ಮಾಡಿದಂತಿರಲಿಲ್ಲ.

"ಇದು ಯುದ್ಧದ ಆಟ ಮಾವ. ಕೋಟೆ, ರೈತ್ರು, ಸೈನಿಕ್ರು. ಚೌಕಾಬಾರದ ಥರ ನೀನೊಂದು ಸಲ ನಾನೊಂದು ಸಲ ಅಂತಿಲ್ಲ, ಎಲ್ಲಾ ಒಟ್ಟಿಗೇ ನಡೀತಿರ್ತದೆ. ನೀನು ಯೋಚ್ನೆ ಮಾಡ್ತಾ ಕೂತ್ರೆ ಶತ್ರು ಕಾಯಲ್ಲ. ಇಷ್ಟು ದಿನ ಇದನ್ನ ಕಂಪ್ಯೂಟರಲ್ಲಿ ಮೌಸ್ ಹಿಡ್ಕೊಂಡು ಆಡೋರು. ಮೌಸ್ ಆದ್ರೆ ಯಾವ ಸೈನಿಕನ ಮೇಲಾದ್ರೂ ಪಟ್ಟಂತ ಹೋಗಿ ಕೂರ್ತದೆ. ಈಗ ಅದನ್ನ ನಾವು ಟಿವಿಗೆ ಹಾಕೋ ಗೇಮ್ ಬಾಕ್ಸ್‌ಗೆ ತಂದಿದ್ದೀವಿ. ಅದಕ್ಕೆ ಮೌಸ್ ಇಲ್ಲ, ಎರಡು ಕೈಯಲ್ಲಿ ಹಿಡ್ಕೊಳ್ಳೋ ಕಂಟ್ರೋಲರ್ ಅಷ್ಟೆ. ಅದರ ಕಡ್ಡಿ ತಿರುಗಿಸ್ಕೊಂಡು ಸೈನಿಕ್ರನ್ನ ಹುಡುಕ್ತಾ ಹೋದ್ರೆ ಅಷ್ಟರಲ್ಲಿ ಕೋಟೆ ಬಿದ್ದೇ ಹೋಗಿರ್ತದೆ. ಅದಕ್ಕೆ ನಾವು ಎಲ್ಲಾನೂ ಹೊಸದಾಗಿ ಕಟ್ಟಿದ್ದೀವಿ. ಎಂಗೆ ಅಂತ ನಿಂಗೆ ಹೇಳಲ್ಲ, ಹೇಳಿದ್ರೆ ನೀನು ಕೆಟ್ಟೋಗ್ತೀಯ."

"ನಾನ್ಯಾಕೆ ಕೆಡ್ತೀನಿ?"

"ಗೊತ್ತಾಗ್ಬಿಡ್ತದಲ್ಲ! ಏನೂ ಗೊತ್ತಿಲ್ಲದೋರು ಕೂತು, ಯಾರನ್ನೂ ಕೇಳ್ದೆ, ಆಟದಲ್ಲಿ ಹೊತ್ತು ಮುಳುಗೋವರ್ಗೂ ಕೋಟೆ ಉಳಿಸ್ಕೋಬೇಕು. ಅದೇ ಪರೀಕ್ಷೆ. ಚೆನ್ನೈಯಿಂದ ಕೆಲಸ ಕೊಟ್ಟಿರೋ ಕಂಪ್ನಿ ಮೇಡಂ ಬಂದು ನೋಡ್ತಾರೆ. ಅವರು ಒಪ್ಪಿದ್ರೆ ನಮ್ಮ ಆಫೀಸು ಉಳೀತದೆ, ಇಲ್ಲಾಂದ್ರೆ ಮುಚ್ಚಿದ ಹಾಗೇ." ಭಾನುವಿನ ದನಿ ಸಣ್ಣದಾಯಿತು. "ಈ ಕೆಲಸ ಹೋದ್ರೆ ಅಪ್ಪ ಇನ್ನೊಂದು ಕೆಲಸಕ್ಕೆ ಕಳಿಸಲ್ಲ ಮಾವ. ಖಂಡಿತವಾಗಿ ಹೇಳ್ಬಿಟ್ಟಿದ್ದಾನೆ. ಮನೇಲಿ ಕೂರು ಅಂತ. ಅಲ್ಲೀವರ್ಗೂ ನೀನು ಯಾವ ಗೇಮನ್ನೂ ಮುಟ್ಬೇಡ, ನೋಡ್ಲೂಬೇಡ. ಈಗ ಎಂಗಿದ್ದೀಯೋ ಅಂಗೇ ಇರು."

ಆವುಲಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡು, "ಹೋಗ್ಲಿ ಬುಡು, ನಿನಗೋಸ್ಕರ ಬತ್ತೀನಿ," ಎಂದು ಮಾತು ಕೊಟ್ಟ. ಅಕ್ಕನ ಮಗಳೆಂದರೆ ಅವನಿಗೆ ಪ್ರಾಣ. ಅದರಲ್ಲಿ ಸುಳ್ಳಿರಲಿಲ್ಲ.

ಸಂಜೆ ಟೀ ಅಂಗಡಿಯಲ್ಲಿ ನರಸಿಂಹಪ್ಪ ಕೇಳಿಯೇಬಿಟ್ಟ. "ಏನ್ಲಾ ಆವುಲ, ನಿನ್ನಕ್ಕನ ಮಗಳು ಬಂದು ಹೋದ್ಲಂತೆ?"

ಈಗ ಓದುಗರೇ ಹೇಳಬೇಕು, ಗಂಡಸಾದವನು ಏನೆಂದು ಉತ್ತರ ಕೊಡುತ್ತಾನೆ? ಊರಿಗೆಲ್ಲ ನಾನೇ ದಡ್ಡನೆಂದು ಹೊಸೂರಿನವರು ಆರಿಸಿದ್ದಾರೆ ಎನ್ನುತ್ತಾನೆಯೇ? ಆವುಲಪ್ಪ ಟೀ ಗ್ಲಾಸನ್ನು ಅಲ್ಲಾಡಿಸಿ, ತಣ್ಣಗಾಗಲು ಬಿಟ್ಟು, ಸುಳ್ಳೂ ಅಲ್ಲದ ನಿಜವೂ ಅಲ್ಲದ ಮಾತೊಂದನ್ನು ಹೇಳಿದ.

"ಹೊಸೂರ್‌ನಾಗೆ ಯುದ್ಧದ ಗೇಮ್ ಮಾಡವ್ರೆ ಅಣ್ಣ. ಅದು ಸರಿಯಾಗೈತಾ ಇಲ್ವಾ ಅಂತ ನಾನು ಬಂದು ಆಡಿದ್ರೇ ಗೊತ್ತಾಗೋದಂತೆ. ಚೆನ್ನೈಯಿಂದ ಬತ್ತಾವ್ರೆ ನಾನು ಆಡೋದ್ನ ನೋಡಕ್ಕೆ."

ಬೆಂಚಿನ ತುದಿಯಲ್ಲಿ ಕೂತಿದ್ದ ಮುನಿರತ್ನನ ಕಿವಿ ನೆಟ್ಟಗಾಯಿತು. ಮುನಿರತ್ನನದು ಕೆಲಮಂಗಲದಲ್ಲಿ ಫ್ಲೆಕ್ಸ್ ಅಂಗಡಿ. ಬರುವ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂಬ ಆಸೆ. ತನ್ನ ಮುಖವನ್ನು ದೊಡ್ಡದಾಗಿ ಅಚ್ಚು ಹಾಕಿ ರಸ್ತೆಯಲ್ಲಿ ನಿಲ್ಲಿಸಲು ಅವನಿಗೆ ಒಂದು ನೆವ ಬೇಕಾಗಿತ್ತು, ಯಾರದೋ ಹುಟ್ಟುಹಬ್ಬಕ್ಕಾಗಿ ಕಾಯುತ್ತಿದ್ದ. ಮರುದಿನ ಬಸ್ ಸ್ಟಾಪಿನಲ್ಲಿ ಆಳೆತ್ತರದ ಫ್ಲೆಕ್ಸು ಎದ್ದು ನಿಂತಿತು. ಬಿಳಿ ಕುದುರೆಯ ಮೇಲೆ ಯಾವನೋ ಮಹಾರಾಜನ ಮೈ, ಕತ್ತಿನ ಮೇಲೆ ಆವುಲಪ್ಪನ ರೇಷನ್ ಕಾರ್ಡಿನ ಮುಖ, ಕೈಯಲ್ಲಿ ಹಿರಿದ ಕತ್ತಿ. "ಕಂಪ್ಯೂಟರ್ ಯುದ್ಧ ನಿಪುಣ, ಉದ್ದನಪಲ್ಲಿಯ ಸಿಂಹ, ನಮ್ಮ ಆವುಲಣ್ಣನಿಗೆ ವಂದನೆಗಳು" ಎಂದು, ಊರು ತಮಿಳುನಾಡಿಗೆ ಸೇರಿದ್ದರಿಂದ, ತಮಿಳಿನಲ್ಲಿ ದಪ್ಪ ಅಕ್ಷರ. ಕೆಳಗೆ ಕೈಮುಗಿದ ಮುನಿರತ್ನ, ಕುದುರೆಗಿಂತ ದೊಡ್ಡದಾಗಿ.

ಕಂಪನಿ ಬಸ್ಸು ಹತ್ತಲು ಬಂದ ಆವುಲಪ್ಪ ಅದನ್ನು ನೋಡಿ ಕಲ್ಲಾಗಿ ನಿಂತ. ಮೊದಲು ಎದೆ ಉಬ್ಬಿತು, ಆಮೇಲೆ ಅದೇ ಎದೆ ಧಸಕ್ಕೆಂದಿತು.

"ಎಂಗೈತೆ ಆವುಲಣ್ಣ?" ಎಂದು ಮುನಿರತ್ನ ಪಕ್ಕದಲ್ಲಿ ನಿಂತು ಕೇಳಿದ.

"ಚೆಂದಾಗೈತೆ ಕಣಯ್ಯ. ಆದ್ರೆ ನಿಪುಣ ಅನ್ನೋದು..."

"ಯಾಕೆ, ಸಾಲ್ದಾ? ಮಹಾನಿಪುಣ ಅಂತ ಅಂಟಿಸ್ಬುಡ್ಲಾ?"

ಬೇಡವೆಂದು ಆವುಲಪ್ಪ ಕೈಮುಗಿದ. ಆದರೆ ಒಳಗೊಂದು ಹುಳ ಹೊಕ್ಕಿತ್ತು. ಪರೀಕ್ಷೆಯ ದಿನ ಹೊಸೂರಿನಲ್ಲಿ ಕೂತು ಬೆಪ್ಪನಂತೆ ಸೋತರೆ, ಸುದ್ದಿ ಊರು ಮುಟ್ಟದೆ ಇರುತ್ತದೆಯೇ? ಫ್ಲೆಕ್ಸ್ ಕೆಳಗೆ ನಿಂತು ನರಸಿಂಹಪ್ಪ ದಿನಾ ನಗುವುದಿಲ್ಲವೇ? ಮುನಿರತ್ನನಿಗೂ ಅದೇ ಚಿಂತೆ ಹತ್ತಿತು, ಯಾಕೆಂದರೆ ಅಲ್ಲಿ ಅವನ ಮುಖವೂ ಇತ್ತು. "ನಮ್ಮಂಗಡಿ ಕಂಪ್ಯೂಟ್ರಲ್ಲಿ ಹಳೇದೊಂದು ಯುದ್ಧದ ಗೇಮೈತೆ, ಸಂಜೆ ಬಂದು ಕೈ ಪಳಗಿಸ್ಕೋ," ಎಂದ. ಭಾನುವಿನ ಮಾತು ಆವುಲಪ್ಪನಿಗೆ ನೆನಪಿತ್ತು. ನೆನಪಿದ್ದೂ ಹೋದ. ಒಂದು ವಾರ ಸಂಜೆಯೆಲ್ಲ, ಸತ್ತವರ ಶ್ರದ್ಧಾಂಜಲಿ ಮತ್ತು ಮದುವೆಗಳ ಸ್ವಾಗತ ಅಚ್ಚಾಗುತ್ತಿದ್ದ ಯಂತ್ರದ ಪಕ್ಕದಲ್ಲಿ ಕೂತು, ಮೌಸ್ ಹಿಡಿದು, ಒಬ್ಬೊಬ್ಬ ಸೈನಿಕನನ್ನೇ ಕುಟುಕಿ ಎಳೆದು ಬೇಕಾದಲ್ಲಿ ನಿಲ್ಲಿಸುವ ವಿದ್ಯೆಯನ್ನು ಸಂಪಾದಿಸಿದ. ಆಮೇಲೆ ಟೀ ಅಂಗಡಿಗೆ ಬಂದು ಪಾಠ. ಮೊದಲು ಚಿನ್ನ ಅಗೆಯಬೇಕು, ಕುದುರೆ ಬಂದರೆ ಈಟಿಯವನನ್ನು ಬಿಡಬೇಕು. ಊರಿಗೆ ಊರೇ ಬಾಯಿಬಿಟ್ಟುಕೊಂಡು ಕೇಳಿತು. ಮನೆಗೆ ಹೋದ ಮೇಲೂ ಮುದ್ದೆ ಮುರಿಯುತ್ತ ಅದೇ ಮಾತು.

ಪರೀಕ್ಷೆಯ ದಿನ ಆವುಲಪ್ಪ ಯಾರಿಗೂ ಹೇಳದೆ ಮೊದಲ ಬಸ್ಸಿಗೇ ಹೊಸೂರಿಗೆ ಹೋದ. ಮೆಟ್ಟಿಲ ಮೇಲೆ ಭಾನುವಿನ ಆಫೀಸಿನ ಮಾಲೀಕ ಉಮಾಶಂಕರ್ ಕಾಯುತ್ತಿದ್ದ. ಒಳ್ಳೆಯವನೇ, ಆದರೆ ಅವತ್ತು ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು.

"ಸಾರ್, ನಿಮಗೆ ಗೇಮ್ ಬಗ್ಗೆ ಏನೂ ಗೊತ್ತಿಲ್ಲ ತಾನೆ?"

"ಹೂಂ."

"ಹೂಂ ಅನ್ಬೇಡಿ ಸಾರ್, ಬಾಯಿಬಿಟ್ಟು ಹೇಳಿ. ಮೇಡಂ ಮುಂದೆ ಹೇಳ್ಬೇಕಾಗ್ತದೆ."

"ನಂಗೆ... ಏನೂ... ಗೊತ್ತಿಲ್ಲ," ಎಂದ ಆವುಲಪ್ಪ. ಹಲ್ಲು ಕಿತ್ತಷ್ಟು ನೋವಾಯಿತು. ಪಕ್ಕದಲ್ಲಿ ಭಾನು ನೆಮ್ಮದಿಯ ಉಸಿರು ಬಿಟ್ಟು, "ನಮ್ಮ ಮಾವ ಸುಳ್ಳು ಹೇಳಲ್ಲ ಸಾರ್," ಎಂದಳು. ಆವುಲಪ್ಪ ಕಿಟಕಿಯ ಕಡೆ ತಿರುಗಿ ನಿಂತ.

ಮೇಡಂ ಬಂದರು. ಕತ್ತರಿಸಿದ ನರೆಗೂದಲು, ಸಾದಾ ಕಾಟನ್ ಸೀರೆ, ನಗದ ಮುಖ. ಮಾತೆಲ್ಲ ತಮಿಳಿನಲ್ಲಿ. ಅಲ್ಲಿದ್ದವರಿಗೆಲ್ಲ ತಮಿಳು ನೀರು ಕುಡಿದಷ್ಟು ಸಲೀಸಾದ್ದರಿಂದ ನಾವೂ ಅದನ್ನು ಕನ್ನಡದಲ್ಲೇ ಕೇಳಿಸಿಕೊಳ್ಳೋಣ. "ನಾನು ಹೇಳುವುದು ಒಂದೇ," ಎಂದರು ಅವರು. "ಯಾರೂ ಹೇಳಿಕೊಡಬಾರದು. ಹೇಳಿಕೊಟ್ಟ ಆಟ ನನ್ನ ಲೆಕ್ಕಕ್ಕಿಲ್ಲ. ಇವತ್ತು ಸಂಜೆಯೊಳಗೆ ನಾನು ಚೆನ್ನೈಗೆ ಆಯಿತೋ ಇಲ್ಲವೋ ಎಂದು ತಿಳಿಸಬೇಕು."

ದೊಡ್ಡ ಟಿವಿಯಲ್ಲಿ ಕೋಟೆ ಬಂತು. ಭಾನು ಕಂಟ್ರೋಲರನ್ನು ಮಾವನ ಕೈಗಿತ್ತು ಗೋಡೆಗೆ ಹೋಗಿ ನಿಂತಳು.

ಆವುಲಪ್ಪ ಅದನ್ನು ಮೇಜಿನ ಮೇಲಿಟ್ಟ. ಮೇಲೆ ಅಂಗೈ ಊರಿದ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಗರಗರನೆ ತಿಕ್ಕಿ, ತೋರುಬೆರಳಿನಿಂದ ಅದರ ನೆತ್ತಿಯ ಮೇಲೆ ಟಕ್ ಟಕ್ ಎಂದು ಕುಟುಕಿದ. ಟಿವಿಯಲ್ಲಿ ಏನೂ ಅಲ್ಲಾಡಲಿಲ್ಲ. ಇನ್ನೊಮ್ಮೆ ತಿಕ್ಕಿದ. ವಾರವೆಲ್ಲ ಪಳಗಿದ ಕೈ, ಹೇಳಿದರೆ ಕೇಳಲಿಲ್ಲ.

ಮೇಡಂ ಕನ್ನಡಕ ತೆಗೆದರು. "ಏನೂ ಗೊತ್ತಿಲ್ಲದವರು ಇದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ. ಮೇಜಿನ ಮೇಲೆ ತಿಕ್ಕುವವರು ಮೌಸ್ ಹಿಡಿದವರು. ಮಿಸ್ಟರ್ ಉಮಾಶಂಕರ್, ಇವರು ಕಂಪ್ಯೂಟರಿನಲ್ಲಿ ಆಡಿ ಬಂದಿದ್ದಾರೆ."

"ಇಲ್ಲ ಮೇಡಂ! ಅವರಿಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ!" ಎಂದಳು ಭಾನು.

ಸರಿಯಾಗಿ ಆ ಗಳಿಗೆಗೆ ಕೆಳಗಿನ ರಸ್ತೆಯಲ್ಲಿ ತಮಟೆ ಕೇಳಿಸಿತು.

ಎಲ್ಲರೂ ಕಿಟಕಿಗೆ ಬಂದರು. ಪೇಂಟ್ ಅಂಗಡಿಯ ಮುಂದೆ ಒಂದು ಟೆಂಪೋ ನಿಂತಿತ್ತು, ಒಳಗೆ ಅರ್ಧ ಉದ್ದನಪಲ್ಲಿ. ದಿನವನ್ನೂ ಜಾಗವನ್ನೂ ಟೀ ಅಂಗಡಿಯ ಪಾಠದ ನಡುವೆ ಆವುಲಪ್ಪನೇ ಸಾರಿಬಿಟ್ಟಿದ್ದ. ಬಸ್ ಸ್ಟಾಪಿನ ಫ್ಲೆಕ್ಸನ್ನು ಕಿತ್ತು ತಂದು ಟೆಂಪೋದ ಹಣೆಗೆ ಕಟ್ಟಿದ್ದರು. ಬಿಳಿ ಕುದುರೆ, ಹಿರಿದ ಕತ್ತಿ, ಕಂಪ್ಯೂಟರ್ ಯುದ್ಧ ನಿಪುಣ. ಮುನಿರತ್ನ ಚೆಂಡುಹೂವಿನ ಹಾರ ಹಿಡಿದು, "ಉದ್ದನಪಲ್ಲಿ ಸಿಂಹಕ್ಕೆ..." ಎಂದು ಕೂಗಿದ. ತಮಟೆಯವನು ಮಿಕ್ಕದ್ದನ್ನು ಬಾರಿಸಿದ.

ಮೇಡಂ ಫ್ಲೆಕ್ಸನ್ನು ನಿಧಾನವಾಗಿ ಓದಿದರು. ಆವುಲಪ್ಪನ ಮುಖ ನೋಡಿದರು, ಕುದುರೆಯ ಮೇಲಿನ ಮುಖ ನೋಡಿದರು. ಬ್ಯಾಗ್ ಎತ್ತಿ ಹೆಗಲಿಗೆ ಹಾಕಿಕೊಂಡರು.

"ನನಗೆ ಮೋಸ ಮಾಡಲು ಹೊರಟಿರಿ. ಮಾಡುವವರು ಆ ಬೋರ್ಡನ್ನಾದರೂ ಮುಚ್ಚಿಡಬಾರದೇ?"

ಉಮಾಶಂಕರ್ ಕುರ್ಚಿ ಹಿಡಿದುಕೊಂಡ. ಭಾನು ಮಾವನ ಕಡೆ ತಿರುಗಿದಳು. ಬೈಯಲಿಲ್ಲ. "ಆಡಿದ್ಯಾ ಮಾವ?" ಎಂದು ಮಾತ್ರ ಕೇಳಿದಳು. ಆವುಲಪ್ಪ ತಲೆ ತಗ್ಗಿಸಿದ. ಹುಡುಗಿಯ ಕಣ್ಣು ತುಂಬಿದ್ದನ್ನು ನೋಡಿ ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು, ಆದರೆ ಕೆಳಗೆ ಪೇಂಟ್ ಅಂಗಡಿಯಿತ್ತು.

"ಮೇಡಂ, ತಪ್ಪೆಲ್ಲ ನಂದು," ಎಂದು ಅವನು ಬಾಗಿಲಿಗೆ ಅಡ್ಡ ನಿಂತ. "ಈ ಮಗೂಗೆ ಗೊತ್ತಿಲ್ಲ, ಈ ಸಾರ್‌ಗೂ ಗೊತ್ತಿಲ್ಲ. ಊರಲ್ಲಿ ಜಂಬಕ್ಕೆ ಹೇಳ್ಕೊಂಡೆ. ಆಟ ಕೆಟ್ಟಿಲ್ಲ ತಾಯಿ, ಕೆಟ್ಟಿರೋನು ನಾನು. ಬೇರೆ ಯಾರ್ನಾದ್ರೂ ಕೂರ್ಸಿ ನೋಡಿ."

"ಕೆಳಗೆ ಪೇಂಟ್ ಅಂಗಡೀಲಿ ಒಬ್ರು ಇದ್ದಾರೆ ಮೇಡಂ," ಎಂದು ಉಮಾಶಂಕರ್ ಓಡಲು ಸಿದ್ಧನಾದ.

"ನೀವು ಕರೆದವರು ಬೇಡ," ಎಂದರು ಮೇಡಂ. ಆವುಲಪ್ಪನನ್ನು ಸ್ವಲ್ಪ ಹೊತ್ತು ನೋಡಿದರು. ಬ್ಯಾಗು ಹೆಗಲಿನಿಂದ ಇಳಿಯಲಿಲ್ಲ, ಆದರೆ ಕಾಲು ನಿಂತಿತು. "ಕೆಳಗೆ ಬಂದಿರುವವರನ್ನು ನೀವ್ಯಾರೂ ಕರೆದಿಲ್ಲ, ಅದು ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ. ಅವರಲ್ಲಿ ಏನೂ ಗೊತ್ತಿಲ್ಲದ ಒಬ್ಬರು ಸಿಕ್ಕರೆ ಕೂರಿಸಿ ನೋಡುತ್ತೇನೆ. ಸಿಗದಿದ್ದರೆ ನಾನು ಹೊರಟೆ."

ಊರು ಮೆಟ್ಟಿಲೇರಿ ಬಂತು. ಕರೆದದ್ದು ಯಾಕೆಂದು ಯಾರಿಗೂ ತಿಳಿಯಲಿಲ್ಲ. ತಮ್ಮನ್ನೂ ನಿಪುಣರೆಂದು ಆರಿಸುತ್ತಿದ್ದಾರೆಂದೇ ಎಲ್ಲರೂ ಭಾವಿಸಿ ಎದೆ ಮುಂದೆ ಮಾಡಿ ನಿಂತರು.

"ಯುದ್ಧದ ಗೇಮ್ ಬಗ್ಗೆ ನಿಮಗೇನು ಗೊತ್ತು?" ಎಂದು ಮೇಡಂ ನರಸಿಂಹಪ್ಪನನ್ನು ಕೇಳಿದರು.

"ಎಲ್ಲಾ ಗೊತ್ತು ತಾಯಿ! ಮೊದ್ಲು ಚಿನ್ನ ಅಗೀಬೇಕು, ಆಮ್ಯಾಕೆ ಸೈನಿಕರ ಮನೆ ಕಟ್ಬೇಕು!"

ಅಷ್ಟು ವರ್ಷ ಆವುಲಪ್ಪನ ಮಾತಿಗೆ ಮೂಗು ಮುರಿದವನು ಅವತ್ತೇ ಅದನ್ನು ಕಂಠಪಾಠ ಒಪ್ಪಿಸಬೇಕೇ? ಉಮಾಶಂಕರ್ ಹಣೆ ಹಿಡಿದುಕೊಂಡ.

"ನೀವು?"

"ಗೇಮು ನಮ್ಮಂಗಡೀದೇ ಮೇಡಂ, ನಾನೇ ಹೇಳ್ಕೊಟ್ಟೆ," ಎಂದ ಮುನಿರತ್ನ, ಕೈಮುಗಿದು, ಫ್ಲೆಕ್ಸಿನಲ್ಲಿದ್ದ ಹಾಗೇ.

ತಮಟೆಯವನನ್ನು ಕೇಳುವ ಮೊದಲೇ ಅವನು, "ಕುದ್ರೆ ಬಂದ್ರೆ ಈಟಿ ಬುಡ್ಬೇಕು!" ಎಂದುಬಿಟ್ಟ. ಒಬ್ಬರಾದ ಮೇಲೆ ಒಬ್ಬರು ಹೆಮ್ಮೆಯಿಂದ ಮುಂದೆ ಬಂದು ತಮ್ಮ ತಿಳಿವಳಿಕೆಯನ್ನು ಪ್ರದರ್ಶಿಸಿ ಪರೀಕ್ಷೆಯಿಂದ ಹೊರಬಿದ್ದರು. ಒಂದೊಂದು ಸರಿಯುತ್ತರಕ್ಕೂ ಭಾನುವಿನ ಮುಖ ಇನ್ನಷ್ಟು ಬಿಳಿಚಿಕೊಂಡಿತು. ಆವುಲಪ್ಪನಿಗಂತೂ ತನ್ನ ಪಾಠ ಇಷ್ಟು ಚೆನ್ನಾಗಿ ತಲುಪಿತ್ತೆಂದು ತಿಳಿದು ಅಳು ಬಂತು.

ಕೊನೆಗೆ ಉಳಿದದ್ದು ಬಾಗಿಲ ಹತ್ತಿರ ಬುತ್ತಿಯ ಡಬ್ಬಿ ಹಿಡಿದು ನಿಂತ ಮಂಗಮ್ಮ. ಗಂಡ ತಿಂಡಿ ತಿನ್ನದೆ ಹೋಗಿದ್ದನೆಂದು ತಂದಿದ್ದಳು.

"ಈ ಗೇಮ್ ಬಗ್ಗೆ ನಿಮಗೇನು ಗೊತ್ತಮ್ಮ?"

"ಯಾವ ಗೇಮು?" ಎಂದಳು ಮಂಗಮ್ಮ.

ಮೇಡಂ ಕನ್ನಡಕ ಹಾಕಿಕೊಂಡರು. "ನೀವು ಇವರಿಗೆ ಏನಾಗಬೇಕು?"

"ಎಂಡ್ತಿ."

ಮೇಡಂ ಮುಖ ಮತ್ತೆ ಬಿಗಿಯಿತು. "ಊರಿಗೆಲ್ಲ ಪಾಠ ಹೇಳಿದವರು ಮನೆಯಲ್ಲಿ ಹೆಂಡತಿಗೆ ಹೇಳಲಿಲ್ಲವೆಂದರೆ ನಾನು ನಂಬಬೇಕೇ? ನೀವೇ ನಿಜ ಹೇಳಿ," ಎಂದು ಆವುಲಪ್ಪನ ಕಡೆ ತಿರುಗಿದರು. "ಮನೆಯಲ್ಲಿ ಈ ಮಾತು ಆಡಿದಿರೋ ಇಲ್ಲವೋ?"

ಇಲ್ಲವೆನ್ನಲು ಆವುಲಪ್ಪನ ಬಾಯಿ ತೆರೆಯಿತು. ಪಕ್ಕದಲ್ಲೇ ನರಸಿಂಹಪ್ಪ ನಿಂತಿದ್ದ. ಆವುಲಪ್ಪ ಯಾವುದಾದರೊಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡ ಎಂದರೆ ಅವನು ಅಲ್ಲೇ ಗಹಗಹಿಸಿ ನಗುತ್ತಿದ್ದ. ಸುಳ್ಳು ನಡೆಯುವ ಹಾಗಿರಲಿಲ್ಲ.

"ಆಡ್ದೆ ತಾಯಿ. ದಿನಾ ಆಡ್ದೆ."

"ಅಂದಮೇಲೆ?"

ಇದನ್ನು ಹೇಳಲೇಬೇಕು, ಆವುಲಪ್ಪ ಊರಿನಲ್ಲಿ ಸಂಪಾದಿಸಿಕೊಂಡಿದ್ದ ಮಾನಕ್ಕೆಲ್ಲ ಒಂದು ನಡುಗಂಬವಿತ್ತು. "ನಮ್ಮನೇಲಿ ನಾನು ಒಂದು ಮಾತಂದ್ರೆ ಮುಗೀತು, ಎರಡನೇ ಮಾತಿಲ್ಲ" ಎಂದು ಅವನು ಬೆಂಚಿನ ಮೇಲೆ ಕೂತು ಹೇಳದ ದಿನವಿರಲಿಲ್ಲ. ಹೆಂಡತಿಗೆ ಹೆದರುವ ಗಂಡಸರಿಗೆಲ್ಲ ಬುದ್ಧಿ ಹೇಳುವವನು ಅವನೇ. ಆ ಗಂಡಸರೆಲ್ಲ ಈಗ ಅದೇ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದರು.

ಅವನು ಭಾನುವನ್ನು ನೋಡಿದ. ಹುಡುಗಿ ದುಪಟ್ಟದ ತುದಿಯನ್ನು ಹಿಂಡುತ್ತಿದ್ದಳು.

"ನಾನು ಆಡ್ದೆ," ಎಂದ ಆವುಲಪ್ಪ. "ಅವ್ಳು ಕೇಳ್ಲಿಲ್ಲ."

"ಹಾಗೆಂದರೆ?"

"ಅವ್ಳು ನಾನು ಹೇಳೋದು ಯಾವುದ್ನೂ ಕೇಳಲ್ಲ ತಾಯಿ. ಮದ್ವೆ ಆದಾಗಿಂದ ಕೇಳಿಲ್ಲ." ಒಮ್ಮೆ ಬಾಯಿಬಿಟ್ಟ ಮೇಲೆ ಮಾತು ತಡೆಯಲಿಲ್ಲ. "ಕೊಟ್ಟಿಗೆ ಬಾಗಿಲು ಮೂಡ್ಲಕ್ಕಿಡು ಅಂದೆ, ಪಡುವಲಕ್ಕೆ ಇಡಿಸಿದ್ಲು. ಆ ಹಸು ಬೇಡ ಅಂದೆ, ಅದ್ನೇ ಹಿಡ್ಕೊಂಡು ಬಂದ್ಲು. ಮಗಳನ್ನ ಅಂಚೆಟ್ಟಿಗೆ ಕೊಡೋದು ಬೇಡ, ಬಸ್ಸಿಲ್ಲ ಅಂತ ಬಡ್ಕೊಂಡೆ, ಮದ್ವೆ ದಿನ ನೆಂಟನ ಥರ ನಂಗೂ ಎಲೆ ಹಾಕಿ ಕೂರಿಸಿದ್ಲು. ನಾನು ಮಾತಾಡ್ತಾ ಇರ್ತೀನಿ, ಅವ್ಳು ಪಾತ್ರೆ ತೊಳೀತಾ ಇರ್ತಾಳೆ. ಮನೇಲಿ ನನ್ನ ಮಾತು ನಡೆಯಲ್ಲ. ಊರಲ್ಲಿ ನಾನು ಹೇಳ್ಕೊಂಡಿದ್ದೆಲ್ಲ ಸುಳ್ಳು."

ಆವುಲಪ್ಪ ಹೆಗಲ ಟವೆಲಿನಿಂದ ಮುಖದ ಬೆವರೊರೆಸಿಕೊಂಡ. ಮಂಗಮ್ಮ, "ಏನಂತೆ ಇವ್ರದ್ದು? ಯಾಕಿಂಗೆ ಬೆವೆತವ್ರೆ?" ಎಂದು ಭಾನುವನ್ನು ಕೇಳಿದಳು.

ಮೇಡಂ ಬ್ಯಾಗ್ ಕೆಳಗಿಟ್ಟರು. "ಕೂರಿ ಅಮ್ಮ," ಎಂದರು. ಆಮೇಲೆ ಬೆರಳೆತ್ತಿ, "ಆದರೆ ಒಬ್ಬರೇ ಒಬ್ಬರು ಬಾಯಿಬಿಟ್ಟರೂ ಸರಿ, ಅಲ್ಲಿಗೆ ನಿಲ್ಲಿಸಿ ಹೊರಟುಹೋಗುತ್ತೇನೆ," ಎಂದು ಎಲ್ಲರನ್ನೂ ಒಮ್ಮೆ ನೋಡಿದರು.

ಮಂಗಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿ, ಕಂಟ್ರೋಲರನ್ನು ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕಡ್ಡಿಯನ್ನು ಹೆಬ್ಬೆರಳಿನಿಂದ ತಳ್ಳಿದಳು. ಟಿವಿಯಲ್ಲಿ ಹೊಲ, ಕೆರೆ, ಕೋಟೆ ಒಂದೊಂದಾಗಿ ಸರಿದುಹೋದವು.

"ಈ ಜನ ಯಾಕೆ ಸುಮ್ನೆ ನಿಂತವ್ರೆ?" ಎಂದು ಕೇಳಿದಳು. ಅಷ್ಟರಲ್ಲಿ ನಿಂತಿದ್ದ ರೈತರು ತಾವಾಗಿಯೇ ಗುದ್ದಲಿ ಎತ್ತಿಕೊಂಡು ಹೊಲಕ್ಕೆ ಹೋದರು. ಒಬ್ಬೊಬ್ಬರನ್ನೂ ಹಿಡಿದು ಕೆಲಸಕ್ಕೆ ಹಚ್ಚುವ ಗೋಳು ಬೇಡವೆಂದು ಭಾನು ಹಗಲಿರುಳು ಕೂತು ಮಾಡಿದ ಏರ್ಪಾಡು ಅದು. ಮಂಗಮ್ಮನಿಗೆ ಮೆಚ್ಚುಗೆಯಾಯಿತು. "ಹೇಳ್ದೇನೇ ಹೋದ್ರಲ್ಲ! ನಮ್ಮನೇಲೂ ಇಂಥೋರು ಒಬ್ರಿದ್ದಿದ್ರೆ!"

ತಮಟೆಯವನಿಗೆ ನಗು ಬಂತು. ಉಮಾಶಂಕರ್ ಹಾರಿ ಅವನ ಬಾಯಿ ಮುಚ್ಚಿದ.

ಆಟದಲ್ಲಿ ಹೊತ್ತು ಇಳಿಯುತ್ತ ಬಂತು. ಮೇಡಂ ಟಿವಿ ನೋಡುತ್ತಿರಲಿಲ್ಲ, ಮಂಗಮ್ಮನ ಬೆರಳುಗಳನ್ನು ನೋಡುತ್ತಿದ್ದರು. ಬೆಟ್ಟದ ಆಚೆಯಿಂದ ಧೂಳೆದ್ದಿತು. ಶತ್ರುಗಳು ಬಂದರು, ಕುದುರೆಗಳ ಹಿಂದೆ ಕಾಲಾಳು, ಕಾಲಾಳುಗಳ ಹಿಂದೆ ಬಾಗಿಲೊಡೆಯುವ ಮರದ ದಿಮ್ಮಿ. ಬಡಗಣ ಬಾಗಿಲಿನಲ್ಲಿ ಒಬ್ಬ ಕಾವಲುಗಾರ ಬಿಟ್ಟರೆ ನರಪಿಳ್ಳೆಯಿಲ್ಲ. ಸೈನಿಕರೆಲ್ಲ ಅತ್ತ ಕೆರೆಯ ದಂಡೆಯಲ್ಲಿ, ಮಂಗಮ್ಮ ಬಿಟ್ಟಲ್ಲೇ ನಿಂತಿದ್ದರು.

"ಅಯ್ಯೋ, ಯಾರೋ ಬಂದ್ರು," ಎಂದಳು ಮಂಗಮ್ಮ. ಕಡ್ಡಿ ತಿರುಗಿಸಿ ಒಬ್ಬ ಸೈನಿಕನ ಹತ್ತಿರ ಹೋದಳು, ತಪ್ಪಿತು. ಇನ್ನೊಬ್ಬನ ಹತ್ತಿರ ಹೋದಳು, ದಾಟಿಹೋದಳು. ದಿಮ್ಮಿ ಬಾಗಿಲಿಗೆ ಧಡ್ ಎಂದು ಬಡಿಯಿತು. ಬಾಗಿಲು ಬಿರುಕುಬಿಟ್ಟಿತು. ಭಾನು ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಧಡ್. ಟಿವಿಯ ಮೂಲೆಯಲ್ಲಿ ಸಣ್ಣದೊಂದು ಚಿತ್ರ ಮಿನುಗತೊಡಗಿತು.

ಆವುಲಪ್ಪ ಟವೆಲಿನ ಚುಂಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದ. ಮೂರನೆಯ ಏಟಿಗೆ ಬಾಗಿಲಿನ ಹಲಗೆಯೊಂದು ಹಾರಿಬಿತ್ತು. ಅವನ ಜೀವ ಬಾಯಿಗೆ ಬಂತು, ಟವೆಲ್ ಹೊರಗೆ ಬಿತ್ತು.

"ಒಬ್ಬೊಬ್ಬನ್ನೇ ಹಿಡ್ದು ಎಳಿಯೇ ಮಂಗೀ! ಒಬ್ಬೊಬ್ಬನ್ನೇ ಕುಟುಕು! ಒಬ್ಬೊಬ್ಬನ್ನೇ!"

ಉಮಾಶಂಕರ್ ಕುಸಿದು ಕೂತ. ಭಾನು ಕಣ್ಣು ಬಿಟ್ಟು ಮಾವನನ್ನು ನೋಡಿದಳು, ಆ ನೋಟವನ್ನು ಶತ್ರುವಿಗೂ ಕೊಡಬಾರದು. ಮೇಡಂ ಎದ್ದು ನಿಂತು, ಆಟ ನಿಲ್ಲಿಸಲು ಕೈ ಎತ್ತಿದರು.

ಮಂಗಮ್ಮ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ಮಿನುಗುತ್ತಿದ್ದ ಚಿತ್ರದ ಕಡೆ ಬಾಗಿ, "ಇಲ್ಲೇ ಬೆರಳು ಬರ್ದವ್ರಲ್ಲ, ಒತ್ಕೊಂಡೇ ಇರು ಅಂತ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಬಟನ್ ಅದುಮಿದಳು. ಬೆರಳು ತೆಗೆಯಲಿಲ್ಲ. ನೆಲದ ಮೇಲೆ ಒಂದು ಬೆಳಕಿನ ವೃತ್ತ ಹುಟ್ಟಿತು. ಅಗಲವಾಯಿತು. ಕೆರೆಯ ದಂಡೆಯನ್ನು ನುಂಗಿತು, ಬಿಲ್ಲುಗಾರರನ್ನು ನುಂಗಿತು, ಕುದುರೆ ಲಾಯವನ್ನು ನುಂಗಿತು, ಕೊನೆಗೆ ಅಡುಗೆಯವನನ್ನೂ ಕುರಿ ಕಾಯುವವನನ್ನೂ ಒಳಗೆ ಹಾಕಿಕೊಂಡಿತು. ಮಂಗಮ್ಮ ಕಡ್ಡಿಯನ್ನು ಬಾಗಿಲಿನ ಕಡೆ ತಳ್ಳಿ ಬೆರಳೆತ್ತಿದಳು. ಇಡೀ ಕೋಟೆಯೇ ಹೋ ಎಂದು ಕೂಗುತ್ತ ಬಡಗಣ ಬಾಗಿಲಿಗೆ ನುಗ್ಗಿತು.

ಮೇಡಂ ಎತ್ತಿದ ಕೈ ಎತ್ತಿದಂತೇ ಇತ್ತು. ದಿಮ್ಮಿ ಮುರಿಯಿತು, ಕುದುರೆಗಳು ಓಡಿದವು. ಆಟದಲ್ಲಿ ಸೂರ್ಯ ಮುಳುಗಿದ. ಕೋಟೆಯ ಮೇಲೆ ದೀಪ ಹತ್ತಿದವು.

"ಅಮ್ಮ," ಎಂದರು ಮೇಡಂ, ಎತ್ತಿದ ಕೈ ಇಳಿಸಿ. "ನಿಮ್ಮ ಯಜಮಾನರು ಈಗ ಹೇಳಿದರಲ್ಲ, ನೀವು ಹಾಗೆ ಯಾಕೆ ಮಾಡಲಿಲ್ಲ?"

ಮಂಗಮ್ಮ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಗಂಡನ ಕಡೆ ನೋಡಿದಳು. "ಏನಾದ್ರೂ ಅಂದ್ರಾ? ಯಾವಾಗ?"

ಆ ಮುಖ ನೋಡಿದವರು ಅದನ್ನು ನಟನೆಯೆನ್ನಲು ಸಾಧ್ಯವಿರಲಿಲ್ಲ. ಮೇಡಂ ಮೊದಲ ಸಲ ನಕ್ಕರು. ನಗುತ್ತಲೇ ಉಮಾಶಂಕರನ ಕಡೆ ತಿರುಗಿ, "ಹೇಳಿಕೊಟ್ಟ ಆಟ ಲೆಕ್ಕಕ್ಕಿಲ್ಲ ಎಂದಿದ್ದೆ. ಇವರಿಗೆ ಹೇಳಿಕೊಡಲು ಯಾರಿಂದಲೂ ಆಗುವುದಿಲ್ಲ. ಕಲಿಸಿದ್ದು ನಿಮ್ಮ ಗೇಮು. ಚೆನ್ನೈಗೆ ಆಯಿತೆಂದು ತಿಳಿಸುತ್ತೇನೆ," ಎಂದರು.

ಭಾನು ಓಡಿಬಂದು ಅತ್ತೆಯ ಕೊರಳು ತಬ್ಬಿಕೊಂಡಳು. ಆಮೇಲೆ ಮಾವನ ಎದುರು ನಿಂತು, ಅಳಬೇಕೋ ಬೈಯಬೇಕೋ ತಿಳಿಯದೆ, ಅವನ ಎದೆಗೆ ಒಂದು ಗುದ್ದು ಗುದ್ದಿ ಅಲ್ಲೇ ಹಣೆಯಿಟ್ಟಳು. ಆವುಲಪ್ಪ ಹುಡುಗಿಯ ತಲೆ ಸವರುತ್ತ ಹಾಗೇ ಗೋಡೆಗೊರಗಿದ. ಅವನ ಕಣ್ಣಲ್ಲೂ ನೀರಿತ್ತು, ಒರೆಸಿಕೊಳ್ಳಲು ನಾಚಲಿಲ್ಲ.

ಮೆಟ್ಟಿಲಿಳಿಯುವಾಗ ನರಸಿಂಹಪ್ಪ ಪಕ್ಕಕ್ಕೆ ಬಂದ. ಇಷ್ಟು ವರ್ಷ ಕಾದಿದ್ದಕ್ಕೆ ಒಂದು ಮಾತಾದರೂ ಕುಟುಕದೆ ಬಿಡುವವನಲ್ಲ ಅವನು. ಆದರೆ ಅವನು ಬಾಯಿ ತೆರೆಯುವ ಮೊದಲೇ ಆವುಲಪ್ಪ ಟವೆಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದೆಯುಬ್ಬಿಸಿ ನಿಂತ.

"ನೋಡಿದ್ಯಾ ಅಣ್ಣ? ಚೆನ್ನೈಯೋರ ಮುಂದೆ, ಅಷ್ಟು ಜೋರಾಗಿ ಕೂಗ್ದೆ. ಒಂದೇ ಒಂದು ಮಾತು ಕೇಳಿದ್ಲಾ ನನ್ನೆಂಡ್ತಿ?"